ತೊಳೆಯಬಾರದ ಮರಳು

ಸೊಂಟ ಮುರಿದುಕೊಂಡು ಆಸ್ಪತ್ರೆ, ಆಮೇಲೆ ನಡಿಗೆ ಕಲಿಸುವ ಆರೈಕೆ ಮನೆ ಎಂದು ಶರತ್ಕಾಲವನ್ನೆಲ್ಲ ಹೊರಗೇ ಕಳೆದ ಎವಾಲ್ಡ್ ಸೊಬಟ್ಟಾ, ಮಗಳ ಮನೆಗೆ ಬಂದಿಳಿದ ದಿನ ಕೋಟು ಕೂಡ ಬಿಚ್ಚಲಿಲ್ಲ. "ಕುಂಪೆಲ್ ಎಲ್ಲಿ?" ಎಂದು ಕೇಳಿ, ಊರುಗೋಲು ಕುಟ್ಟುತ್ತ ಹಿಂದಿನ ಕೋಣೆಯ ಬಾಗಿಲಿಗೆ ಹೋದ. ಅಲ್ಲೇ ದಂಗಾಗಿ ನಿಂತುಬಿಟ್ಟ.

ಗೋಡೆಯುದ್ದಕ್ಕೂ ಇದ್ದ ಗಾಜಿನ ತೊಟ್ಟಿಯ ತಳದಲ್ಲಿ ನೀಲಿ ಮತ್ತು ಬಿಳಿ ಕಲ್ಲುಗಳು ಥಳಥಳ ಹೊಳೆಯುತ್ತಿದ್ದವು. ಕಡಲೆಕಾಳಿನ ಗಾತ್ರದ ಕಲ್ಲುಗಳು. ನಮ್ಮ ಕಡೆಯ ಫುಟ್‌ಬಾಲ್ ತಂಡದ ಬಣ್ಣ. ಅಳಿಯ ನೊರ್ಬರ್ಟ್ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದ.

"ಹೇಗಿದೆ ಮಾವ? ತಂಡದ ಬಣ್ಣ! ನಿಮಗೆ ಖುಷಿಯಾಗ್ಲಿ ಅಂತ ನಾನೇ ಆರಿಸಿದ್ದು."

"ನನ್ನ ಮರಳೆಲ್ಲಿ?"

"ಅದಾ? ಅಯ್ಯೋ, ಗಬ್ಬು ನಾತ. ಈ ಕಲ್ಲಾದ್ರೆ ಕೊಳೆ ಕಂಡ ತಕ್ಷಣ ಹೀರಿ ತೆಗೀಬಹುದು."

"ನೊರ್ಬರ್ಟ್, ನನ್ನ ಮರಳೆಲ್ಲಿ ಅಂತ ಕೇಳ್ದೆ."

"ನೆಲಮಾಳಿಗೇಲಿದೆ, ಬಕೆಟ್‌ಗಳಲ್ಲಿ. ಬಿಸಾಡಿಲ್ಲ, ಗಾಬರಿಯಾಗ್ಬೇಡಿ."

ಮುದುಕ ಉಸಿರು ಬಿಟ್ಟ. ಆಮೇಲೆ ಮೀನನ್ನು ನೋಡಿದ. ಗಾಜಿನ ಹತ್ತಿರಕ್ಕೆ ಸರಿದ.

ನಾನಿರುವುದು ಮಗಳ ಆ ಮನೆಯ ಪಕ್ಕದಲ್ಲೇ; ಎವಾಲ್ಡ್ ಅಲ್ಲಿಯವರೆಗೆ ಇದ್ದದ್ದು ನನ್ನ ಇನ್ನೊಂದು ಪಕ್ಕದ ಬೇಲಿಯಾಚೆ. ಹೆರ್ನೆ ಎಂಬ ಈ ಕಲ್ಲಿದ್ದಲಿನ ಊರಿನಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಹಿಂದೆ ಗಣಿಯವರು ಕಟ್ಟಿಸಿದವು. ಎರಡು ಮನೆಗೆ ಒಂದೇ ಗೋಡೆ, ಅದೂ ತೆಳ್ಳಗಿನದು. ಹಾಗಾಗಿ ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಕಾಲು ಭಾಗ ಗೋಡೆ ಹೇಳಿದ್ದು, ಮಿಕ್ಕಿದ್ದು ಎವಾಲ್ಡನ ಮಗಳು ಉಲ್ರಿಕೆ ನನ್ನ ಅಡುಗೆಮನೆಯಲ್ಲಿ ಕೂತು ಅತ್ತುಕೊಂಡು ಹೇಳಿದ್ದು.

ಕುಂಪೆಲ್ ಎಂದರೆ ಗಣಿಯಲ್ಲಿ ಜೊತೆಗೆ ಅಗೆಯುವವನು. ಗಣಿ ಮುಚ್ಚಿದ ವರ್ಷ ಜೊತೆಗಾರರೆಲ್ಲ ಸೇರಿ ಎವಾಲ್ಡನಿಗೆ ಬೆರಳುದ್ದದ ಮೀಸೆಮೀನೊಂದನ್ನು ಕೊಟ್ಟಿದ್ದರು. ಇದು ಚಿಕ್ಕದಾಗಿಯೇ ಇರುತ್ತದೆ ಎಂದಿದ್ದನಂತೆ ಅಂಗಡಿಯವನು. ಅದು ತೋಳಿನುದ್ದ ಬೆಳೆಯಿತು. ಕಲ್ಲಿದ್ದಲಿನ ಕಪ್ಪು, ಪಕ್ಕೆಯುದ್ದಕ್ಕೂ ಮುಳ್ಳಿನ ಸಾಲು, ಕೆಳಕ್ಕೆ ಬಾಗಿದ ಮೂತಿ. ಎದ್ದಾಗಿನಿಂದ ಮಲಗುವ ತನಕ ಅಗೆಯುವುದೊಂದೇ ಕೆಲಸ. ಅದಕ್ಕೇ ಆ ಹೆಸರು.

ಆ ಕುಂಪೆಲ್ ಈಗ ಮೂಲೆಯಲ್ಲಿ ಮೂತಿಯೆತ್ತಿಕೊಂಡು ಬಿದ್ದಿತ್ತು. ಅಭ್ಯಾಸಬಲದಿಂದ ಒಮ್ಮೆ ಕಲ್ಲಿಗೆ ಬಾಯಿ ಹಾಕಿತು, ಉಗಿಯಿತು. ಕಲ್ಲು ಗಾಜಿಗೆ ಟಕ್ಕೆಂದು ಬಡಿಯಿತು. ಉದ್ದನೆಯ ಮೀಸೆಯೊಂದು ಸವೆದು ಮೋಟಾಗಿ, ತುದಿ ಕೆಂಪಾಗಿತ್ತು.

"ಉಲ್ರಿಕೆ! ಬಾ ಇಲ್ಲಿ! ನೋಡೇ ಇದರ ಮೀಸೆ. ರಕ್ತ!"

ಉಲ್ರಿಕೆ ಕೈ ಒರೆಸಿಕೊಳ್ಳುತ್ತ ಬಂದಳು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ, ಐವತ್ತು ದಾಟಿದ ಹೆಂಗಸು, ಎಲ್ಲವೂ ನೇರ, ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು ಎನ್ನುವವಳು. "ಅಪ್ಪ, ಮೊದ್ಲು ಕೂತ್ಕೋ. ಬಂದು ಐದು ನಿಮಿಷ ಆಗಿಲ್ಲ, ಆಗ್ಲೇ ಶುರು ಮಾಡಿದ್ಯಾ."

"ನಾನು ಹೋಗೋ ಮುಂಚೆ ಏನು ಹೇಳಿದ್ದೆ? ಮರಳು ತನ್ನಿ, ತೊಳೀಬೇಡಿ ಅಂದಿದ್ದೆ ತಾನೆ?"

"ಸ್ಟ್ರೆಚರ್ ಮೇಲೆ ಮಲಗಿ ಹೇಳಿದ್ದೆ. ನೋವಿಗೆ ಬಡಬಡಿಸ್ತಿದ್ದೀಯ ಅಂದ್ಕೊಂಡ್ವಿ."

"ಈ ಮೀನು ಬಾಯ್ತುಂಬ ಮರಳು ತಗೊಳ್ಳುತ್ತೆ ಕಣೆ. ತಿನ್ನೋದನ್ನ ಇಟ್ಕೊಂಡು ಉಳಿದಿದ್ದನ್ನ ಕಿವಿರಿನಿಂದ ಹೊರಗೆ ಬಿಡುತ್ತೆ. ಕಲ್ಲನ್ನ ಹೇಗೆ ಬಿಡುತ್ತೆ? ನುಂಗಿದ್ರೆ ಹೊಟ್ಟೇಲಿ ಕೂತ್ಕೊಂಡು ಸಾಯಿಸುತ್ತೆ!"

ನೊರ್ಬರ್ಟನ ಮುಖ ಸಣ್ಣಗಾಯಿತು. ಟ್ರಾಮ್ ಡಿಪೋದಲ್ಲಿ ರಿಪೇರಿ ಕೆಲಸದವನು, ಕೈಯಲ್ಲಿ ಕಸುಬಿದೆ, ಅವನ ಕೆಲಸಕ್ಕೆ ಹೆಸರಿಡುವವರಿಲ್ಲ. ಬೌಲಿಂಗ್ ಕ್ಲಬ್ಬಿನ ಗೆಳೆಯರನ್ನೆಲ್ಲ ಕರೆತಂದು ಮಾವನ ಮನೆಯಿಂದ ಆ ತೊಟ್ಟಿಯನ್ನು ಇಲ್ಲಿಗೆ ಹೊತ್ತವನು ಅವನು. "ಸರಿ ಮಾವ. ನನ್ನಿಂದ ತಪ್ಪಾಯ್ತು, ಬಿಡಿ," ಎಂದು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೋದ. ನನ್ನ ಮನೆಯ ಗೋಡೆಯ ಮೇಲಿನ ತಟ್ಟೆಗಳು ಅಲುಗಿದವು.

ಅಂದಿನಿಂದ ಆ ಮನೆಯಲ್ಲಿ ರಾತ್ರಿಯೂಟವೆಂದರೆ ಮರಳಿನ ಪಂಚಾಯಿತಿ. ಮೇಜಿನ ಮೇಲೆ ರೈ ಬ್ರೆಡ್, ಲಿವರ್ ಸಾಸೇಜ್, ಉಪ್ಪಿನಲ್ಲಿಟ್ಟ ಸೌತೆ. ನಡುವೆ, ಒಂದು ದಿನ, ಕಾಫಿ ಕಪ್ಪುಗಳಲ್ಲಿ ನೊರ್ಬರ್ಟ್ ತಂದ ಮರಳಿನ ಮಾದರಿಗಳು.

"ಊಟದ ಮೇಜಿನ ಮೇಲೆ ಮಣ್ಣು!" ಎಂದು ಉಲ್ರಿಕೆ ಚೀರಿದಳು.

"ಮಣ್ಣಲ್ಲ ಮಾರಾಯ್ತಿ, ಮರಳು. ಮಾವ, ನೋಡಿ ಇದು. ಕರೀದು, ಮಿಂಚುತ್ತೆ. ನಿಮ್ಮ ಕುಂಪೆಲ್‌ಗೆ ಚೆನ್ನಾಗಿ ಹೊಂದುತ್ತೆ."

ಎವಾಲ್ಡ್ ಚಿಟಿಕೆ ತೆಗೆದು ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿದ. ಕೆಂಪು ಗೆರೆಗಳೆದ್ದವು. "ಕಲ್ಲು ಒಡೆದು ಮಾಡಿದ್ದು. ಒಂದೊಂದು ಕಾಳೂ ಬ್ಲೇಡು."

"ಇದು? ಮಕ್ಕಳ ಆಟದ ಮರಳು."

ಮತ್ತೆ ಉಜ್ಜಿದ. ಗೆರೆ ಏಳಲಿಲ್ಲ. "ಇದು ಪರವಾಗಿಲ್ಲ. ಕಾಳು ಗುಂಡಗಿದೆ, ಸಣ್ಣಗಿದೆ. ನದಿ ಉರುಳಿಸಿದ್ದು."

"ಹಾಗಾದ್ರೆ ಇದೇ ತರ್ತೀನಿ. ಮುಗೀತಲ್ಲ!"

"ಯಾಕೆ ತರ್ತೀಯ? ಕೆಳಗೆ ನಂದೇ ಇದೆಯಲ್ಲ."

"ಅದು ಹಳೇದು ಮಾವ! ವರ್ಷಗಟ್ಲೆ ಮೀನಿನ ಹೇಲು!"

"ನಂದೇ ಬೇಕು. ತೊಳೀದೆ ಹಾಕ್ಬೇಕು."

ಮೊಮ್ಮಗಳು ಮೆರ್ಲೆ ಬಾಯಲ್ಲಿ ಬ್ರೆಡ್ ಇಟ್ಟುಕೊಂಡೇ ನಕ್ಕಳು. ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ, ಇಪ್ಪತ್ತು ವರ್ಷ. ನಸುಕಿಗೆ ಮುಂಚೆ ಎದ್ದು ಹೋಗುವವಳಾದ್ದರಿಂದ ಊಟದ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತಿದ್ದಳು. "ಅಪ್ಪ, ಹಾಕ್ಬಿಡು. ಅವರವರ ಹಾಸಿಗೆ ಅವರವರಿಗೆ ಚೆಂದ."

"ನೀನು ಸುಮ್ನಿರು," ಎಂದಳು ಉಲ್ರಿಕೆ. "ಅಪ್ಪ, ಇದೆಂಥಾ ಹಟ? ಮರಳು ಅಂದ್ರೆ ಮರಳು!"

"ಅಲ್ಲ."

"ಮತ್ತೇನು, ಚಿನ್ನವಾ?"

ಮುದುಕ ಸೌತೆಯ ಹೋಳನ್ನು ತಟ್ಟೆಯಲ್ಲಿ ಅತ್ತ ಇತ್ತ ತಳ್ಳಿದ. ಅದನ್ನು ಕಂಡು ಉಲ್ರಿಕೆ ಕೆರಳಿದಳು.

"ಮೀನಿನ ಬಗ್ಗೆ ಇಷ್ಟು ಪ್ರೀತಿ ಇದೆಯಲ್ಲ, ಅಮ್ಮನ ಬಗ್ಗೆ ಇದರಲ್ಲಿ ಕಾಲು ಭಾಗ ಇದ್ದಿದ್ರೆ ಸಾಕಿತ್ತು. ಪ್ರತಿ ಮೇ ತಿಂಗಳು ಕರೀತೀನಿ. ಬಾ ಅಪ್ಪ, ಅಮ್ಮನ ಹುಟ್ಟುಹಬ್ಬ, ಸಮುದ್ರಕ್ಕೆ ಹೋಗಿ ಎರಡು ಹೂವು ಹಾಕೋಣ ಅಂತ. ಒಂದು ಸಲ ಬಂದ್ಯಾ? ಮೀನಿಗೆ ಊಟ ಯಾರು ಹಾಕ್ತಾರೆ ಅಂತೀಯ!"

"ಸಮುದ್ರ ನನಗಾಗಲ್ಲ."

"ಅಮ್ಮ ಇರೋದು ಅಲ್ಲಿ!"

ಎವಾಲ್ಡನ ಹೆಂಡತಿ ಹೆಡ್ವಿಗ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಡಿಯಾಚೆ ಹಾಲೆಂಡಿನಲ್ಲಿ ದಹನ ಮಾಡಿಸಿ, ಬೂದಿಯನ್ನು ದೋಣಿಯಲ್ಲಿ ಒಯ್ದು ಉತ್ತರ ಸಮುದ್ರಕ್ಕೆ ಬಿಡುವುದೆಂದು ಗೊತ್ತಾಗಿತ್ತು. ಅದೇ ವಾರ ಉಲ್ರಿಕೆಯ ಬೆನ್ನು ಹಿಡಿದುಕೊಂಡು ಹಾಸಿಗೆಯಿಂದ ಏಳಲಾಗಲಿಲ್ಲ. ಎವಾಲ್ಡ್ ಒಬ್ಬನೇ ಹೋಗಿ ಬಂದ. "ಆಯ್ತು. ಸಮುದ್ರ ಶಾಂತವಾಗಿತ್ತು," ಎಂದಷ್ಟೇ ಹೇಳಿದ್ದ. ಅಲ್ಲಿಂದೀಚೆಗೆ ಉಲ್ರಿಕೆ ವರ್ಷಕ್ಕೊಮ್ಮೆ ಬಿಳಿ ಕಾರ್ನೇಷನ್ ಹೂ ಹಿಡಿದು ಹಾಲೆಂಡಿನ ತೀರಕ್ಕೆ ಹೋಗುತ್ತಾಳೆ, ನೀರಿಗೆ ಹೂ ಬಿಟ್ಟು, ಒಂದಿಷ್ಟು ಅತ್ತು, ಹೆರಿಂಗ್ ಮೀನಿನ ಬನ್ನು ತಿಂದು ವಾಪಸ್ಸು ಬರುತ್ತಾಳೆ. ಎರಡು ಸಲ ನಾನೂ ಹೋಗಿದ್ದೆ, ನಾನೂ ಅತ್ತಿದ್ದೆ.

ಕೊನೆಗೆ ಆದ ರಾಜಿ ಇಷ್ಟು: ಹಬ್ಬದ ರಜೆ ಮುಗಿದ ಮೇಲೆ ನೊರ್ಬರ್ಟ್ ಕಲ್ಲು ತೆಗೆದು ಹಳೆಯ ಮರಳನ್ನೇ ಹಾಕಬೇಕು, ಎವಾಲ್ಡ್ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನೊರ್ಬರ್ಟ್ ಒಪ್ಪಿದ, ಗೊಣಗಿಕೊಂಡು.

ಕ್ರಿಸ್‌ಮಸ್ ಹತ್ತಿರವಾದಾಗ ಹೆಡ್ವಿಗ್‌ಳ ಬಾತು ಹುರಿಯುವ ಪಾತ್ರೆ ಕಾಣೆಯಾಯಿತು. ಕಪ್ಪು ಎನಾಮಲ್‌ನ ಅಗಲವಾದ ಪಾತ್ರೆ, ಮೇಲೆ ಬಿಳಿ ಚುಕ್ಕೆಗಳು. ಅಮ್ಮನಿಂದ ಉಲ್ರಿಕೆಗೆ ಬಂದದ್ದು. ಅಟ್ಟ, ಕಪಾಟು, ನೆಲಮಾಳಿಗೆ ಎಲ್ಲ ಜಾಲಾಡಿದಳು. ನನ್ನ ಮನೆಗೂ ಬಂದು ನನ್ನ ಕಪಾಟನ್ನು ಒಂಥರಾ ನೋಡಿ ಹೋದಳು. ನನಗೆ ಮೈ ಉರಿಯಿತು.

"ಅದು ಹಿಂದಿನ ಕೋಣೇಲಿದೆ ಅಮ್ಮ," ಎಂದಳಂತೆ ಮೆರ್ಲೆ ಕೊನೆಗೆ.

"ಹಿಂದಿನ ಕೋಣೇಲಿ ಎಲ್ಲಿ?"

"ನೀರೊಳಗೆ."

ಉಲ್ರಿಕೆ ಓಡಿಹೋಗಿ ನೋಡಿದರೆ, ನೀಲಿ ಕಲ್ಲುಗಳ ನಡುವೆ ಅಮ್ಮನ ಪಾತ್ರೆ ಮುಳುಗಿ ಕೂತಿದೆ. ಅದರ ತುಂಬ ಅಪ್ಪನ ಹಳೆಯ ಮರಳು. ಕುಂಪೆಲ್ ಅರ್ಧ ಮೈಯನ್ನು ಪಾತ್ರೆಯೊಳಗೆ ತೂರಿಸಿ, ಬಾಲ ಹೊರಗಿಟ್ಟುಕೊಂಡು, ಬಾಯ್ತುಂಬ ಮರಳು ತೆಗೆದು ಕಿವಿರಿನಿಂದ ನವಿರಾಗಿ ಸುರಿಸುತ್ತಿದೆ.

"ಮೆರ್ಲೆ! ಅಮ್ಮನ ಪಾತ್ರೆ! ನನ್ನ ಹಬ್ಬದ ಬಾತು ಎಲ್ಲಿ ಹುರೀಲಿ? ನಿನ್ನ ತಲೆ ಮೇಲಾ?"

"ಅದು ಕಲ್ಲಿನ ಮೇಲೆ ಮೂತಿ ಇಟ್ಕೊಂಡು ಬಿದ್ದಿರೋದು ನೋಡೋಕಾಗ್ಲಿಲ್ಲ. ರಜೆ ಮುಗಿಯೋ ತನಕ ಅಂತ ಒಂದು ಬಕೆಟ್ಟಿಂದ ತಂದು ಹಾಕ್ದೆ. ಮೀಸೆ ನೋಡು, ವಾಸಿಯಾಗ್ತಿದೆ."

"ತೆಗಿ ಈಗ್ಲೇ!"

"ಬಿಡೇ," ಎಂದ ಎವಾಲ್ಡ್. ಈ ಮನೆಗೆ ಬಂದ ಮೇಲೆ ಮೊದಲ ಸಲ ನಗುತ್ತಿದ್ದ. "ಹೆಡ್ವಿಗ್ ಇದ್ದಿದ್ರೆ ಬೇಡ ಅಂತಿರ್ಲಿಲ್ಲ. ಬಿಡು."

ಆ ವರ್ಷ ಬಾತನ್ನು ಅಂಗಡಿಯ ಅಲ್ಯೂಮಿನಿಯಂ ತಟ್ಟೆಯಲ್ಲಿ ಹುರಿದರು. ಒಂದು ಪಕ್ಕ ಸೀದಿತ್ತು. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ, ಆದರೆ ಉಲ್ರಿಕೆ ಸೀದ ಭಾಗವನ್ನೇ ಅಪ್ಪನ ತಟ್ಟೆಗೆ ಬಡಿಸಿದಳು.

ಹೊಸ ವರ್ಷ ಬಂದು ರಜೆ ಮುಗಿಯುವ ಮುಂಚೆಯೇ ಒಂದು ಬೆಳಿಗ್ಗೆ ಬೀದಿಯೆಲ್ಲ ಗಾಜಾಯಿತು. ರಾತ್ರಿ ಸುರಿದ ಮಳೆ ನೆಲಕ್ಕೆ ಬಿದ್ದಲ್ಲೇ ಹೆಪ್ಪುಗಟ್ಟಿತ್ತು. ನಮ್ಮೂರಲ್ಲಿ ಮನೆ ಮುಂದಿನ ಫುಟ್‌ಪಾತಿಗೆ ಮನೆಯವರೇ ಜವಾಬ್ದಾರರು. ಬೆಳಿಗ್ಗೆ ಏಳರೊಳಗೆ ಮರಳು ಎರಚಿರಬೇಕು, ಉಪ್ಪು ಹಾಕುವಂತಿಲ್ಲ. ಹಿಂದಿನ ವರ್ಷ ಅಂಚೆಯವಳು ಅವರ ಬಾಗಿಲ ಮುಂದೆಯೇ ಜಾರಿ ಬಿದ್ದು ದೊಡ್ಡ ರಾದ್ಧಾಂತವಾಗಿತ್ತು. ಆಮೇಲೆ ಉಲ್ರಿಕೆ ಚಳಿಗಾಲವಿಡೀ ಹವಾಮಾನ ಕೇಳದೆ ಮಲಗುತ್ತಿರಲಿಲ್ಲ. ಚಳಿಗಾಲದ ಮರಳು ತಂದಿಡುವುದು ನೊರ್ಬರ್ಟನ ಪಾಲಿನ ಕೆಲಸ. ಮೀನಿನ ಮರಳಿನ ಗಲಾಟೆಯಲ್ಲಿ ಅವನು ಅದನ್ನು ಮರೆತೇಬಿಟ್ಟಿದ್ದ. ಅವನು ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಉಲ್ರಿಕೆ ನೆಲಮಾಳಿಗೆಗೆ ಇಳಿದು ನೋಡಿದಾಗ ಮನೆಯ ಡಬ್ಬ ಖಾಲಿ. ಅದರ ಪಕ್ಕದಲ್ಲಿ ಸಾಲಾಗಿ ಅಪ್ಪನ ಬಕೆಟ್‌ಗಳು, ಮರಳು ಒಣಗಿ ಹದವಾಗಿತ್ತು.

ನಾನು ಬನ್ನು ತರಲು ಹೊರಟಾಗ ಅವಳು ನನ್ನ ಬಾಗಿಲ ಮುಂದೆಯೂ ಎರಚಿ ಮುಗಿಸುತ್ತಿದ್ದಳು. ಈ ವಯಸ್ಸಿನಲ್ಲಿ ನಾನು ಬಿದ್ದರೆ ಏಳುವವಳಲ್ಲ. ಎಷ್ಟು ಹಿತವೆನಿಸಿತು.

"ಒಳ್ಳೆ ಮರಳು ಕಣೆ ಉಲ್ರಿಕೆ. ಕಾಲಿಗೆ ಮೆತ್ತಗಿದೆ," ಎಂದು ನಾನು ಅದರ ಮೇಲೆ ಒಂದೆರಡು ಸಲ ಕುಟ್ಟಿ ಕೂಡ ನೋಡಿದೆ.

"ಅಪ್ಪಂದು, ಫ್ರಾವ್ ಡ್ರೂಕೆ," ಎಂದಳು. ಅಷ್ಟು ವರ್ಷದ ನೆರೆಯವಳಾದರೂ ನಾನು ಅವಳಿಗೆ 'ಶ್ರೀಮತಿ ಡ್ರೂಕೆ'ಯೇ. "ನೊರ್ಬರ್ಟ್ ಸಂಜೆ ಬೇರೆ ತರ್ತಾನೆ. ಅಪ್ಪಂಗೂ ಹೊಸದು ಬರುತ್ತೆ, ನನ್ನ ನೆಲಮಾಳಿಗೇನೂ ಖಾಲಿ!"

ನಾನು ಬನ್ನಿನ ಚೀಲ ಹಿಡಿದು ಹಿಂದಿರುಗುವಾಗ ಅವರ ಬಾಗಿಲು ಹಾರುಹೊಡೆದಿತ್ತು. ಮನೆಯ ಮೆತ್ತನೆ ಚಪ್ಪಲಿಯಲ್ಲೇ ಎವಾಲ್ಡ್ ಹೊರಗೆ ಬಂದುಬಿಟ್ಟಿದ್ದ. ಕೈಯಲ್ಲಿ ಒಂದೇ ಊರುಗೋಲು. ನೋಡುತ್ತಿದ್ದಂತೆ ಅದನ್ನೂ ಬಿಸಾಡಿ, ಈಗಷ್ಟೇ ಕೂಡಿಸಿದ ಸೊಂಟದ ಮನುಷ್ಯ, ಮಂಜಿನ ಮೇಲೆ ಮಂಡಿಯೂರಿದ. ಎರಡೂ ಕೈ ಅಗಲಿಸಿದ.

"ತುಳೀಬೇಡಿ! ಯಾರೂ ತುಳೀಬೇಡಿ!"

ಮುದುಕನಿಗೆ ತಲೆ ಕೆಟ್ಟಿತು ಎಂದೇ ಎಣಿಸಿದೆ. ಉಲ್ರಿಕೆ ಒಳಗಿನಿಂದ ಓಡಿಬಂದಳು.

"ಅಪ್ಪ! ಸೊಂಟ! ಏಳು ಅಪ್ಪ, ಎರಡು ಬಕೆಟ್ ಮರಳಿಗೆ ಯಾರಾದ್ರೂ ಹೀಗೆ..."

"ಎಲ್ಲಾ ಹಾಕ್ಬಿಟ್ಯಾ? ಒಂದೂ ಉಳೀಲಿಲ್ವಾ?"

"ಎಲ್ಲಾ ಹಾಕ್ದೆ. ಫ್ರಾವ್ ಡ್ರೂಕೆ ಮನೆ ಮುಂದೇನೂ ಹಾಕ್ದೆ. ಏನಾಯ್ತು ಈಗ?"

"ಉಲ್ರಿಕೆ, ಹೆಡ್ವಿಗ್ ಕಣೆ ಅದು."

"ಏನು?"

"ನಿನ್ನಮ್ಮ. ಆ ಮರಳಲ್ಲಿ ನಿನ್ನಮ್ಮ ಇದ್ದಾಳೆ."

ನನ್ನ ಕೈಯ ಚೀಲ ಜಾರಿತು. ಬನ್ನುಗಳು ಮರಳಿನ ಮೇಲೆ ಉರುಳಿದವು. ನಾನು ತಲೆ ತಗ್ಗಿಸಿ ನನ್ನ ಬೂಟು ನೋಡಿಕೊಂಡೆ. ಕಾಲು ಎತ್ತಲೋ, ಇಟ್ಟಲ್ಲೇ ಇಡಲೋ ತಿಳಿಯಲಿಲ್ಲ. ಮೂವತ್ತು ವರ್ಷ ಒಂದೇ ಬೇಲಿಯ ಮೇಲೆ ಕಾಫಿ ಕುಡಿದ ಗೆಳತಿ ಹೆಡ್ವಿಗ್.

ಅವನನ್ನು ಒಳಗೆ ಕರೆತಂದು ಅಡುಗೆಮನೆಯಲ್ಲಿ ಕೂರಿಸಿದೆವು. ನನ್ನನ್ನು ಹೋಗೆಂದು ಯಾರೂ ಹೇಳಲಿಲ್ಲ, ನಾನೂ ಹೋಗಲಿಲ್ಲ. ಮೆರ್ಲೆ ಬೇಕರಿಯಿಂದ ಆಗಷ್ಟೇ ಬಂದು, ತೋಳಿನ ಹಿಟ್ಟು ಕೂಡ ಕೊಡವದೆ ಬಾಗಿಲಲ್ಲೇ ನಿಂತಿದ್ದಳು.

"ದೋಣಿಯವರೆಗೂ ಹೋದೆ," ಎಂದ ಎವಾಲ್ಡ್. "ನೀರು ಬೂದಿ ಬಣ್ಣಕ್ಕಿತ್ತು. ಗಾಳಿ. ನಿನ್ನಮ್ಮಂಗೆ ನಮ್ಮ ಕಾಲುವೆ ದೋಣೀಲೇ ವಾಂತಿ ಬರ್ತಿತ್ತು, ನೆನಪಿದೆಯಾ? ಡಬ್ಬೀನ ತೊಡೆ ಮೇಲಿಟ್ಕೊಂಡು ಕೂತಿದ್ದೆ. ದೋಣಿಯವನು ಕೂಗ್ದ. ನಾನು ಹತ್ಲಿಲ್ಲ."

"ಸಮುದ್ರ ಶಾಂತವಾಗಿತ್ತು ಅಂದೆಯಲ್ಲ!"

"ಸುಳ್ಳು."

"ನೆಲಕ್ಕಾದ್ರೂ ಹಾಕ್ಬಹುದಿತ್ತಲ್ಲಪ್ಪ! ಸ್ಮಶಾನ ಇಲ್ವಾ ಊರಲ್ಲಿ?"

"ನೆಲದಡಿ ಹೇಗಿರುತ್ತೆ ಅಂತ ನನಗೆ ಗೊತ್ತು. ನನ್ನ ಆಯುಷ್ಯವೆಲ್ಲ ಅಲ್ಲೇ ಕಳೆದಿದ್ದೀನಿ. ಅಲ್ಲಿಗೆ ಅವಳನ್ನ ಕಳಿಸೋಕೆ ಮನಸ್ಸು ಬರ್ಲಿಲ್ಲ." ಅವನು ಹಿಂದಿನ ಕೋಣೆಯ ತೊಟ್ಟಿಯತ್ತ ಬೆರಳು ಮಾಡಿದ. "ಅವಳು ಬಟಾಣಿ ಸುಲಿಯೋಕೂ ತೊಟ್ಟಿ ಮುಂದೆ ಕೂತ್ಕೋತಿದ್ಳು. ಅಲ್ಲಿ ಬೆಚ್ಚಗಿರುತ್ತೆ ಅಂತ. ಎವಾಲ್ಡ್, ಈ ಮನೇಲಿ ಬೇಸಿಗೆ ಇರೋದು ಇಲ್ಲೊಂದೇ ಕಡೆ ಅಂತಿದ್ಳು. ಅದಕ್ಕೇ ಶನಿವಾರ ನೀರು ಬದಲಾಯಿಸುವಾಗ ಒಂದೊಂದು ಹಿಡಿ ಹಾಕ್ತಾ ಬಂದೆ. ಕುಂಪೆಲ್ ಬಂದು ಬಾಯಿಗೆ ತಗೊಂಡು, ಕಿವಿರಿಂದ ಬಿಟ್ಟು, ತಾನೇ ಮರಳಿಗೆ ಬೆರೆಸ್ತು."

"ನಾಲ್ಕು ವರ್ಷ." ಉಲ್ರಿಕೆಯ ದನಿ ಕೇಳಿ ನನಗೆ ಹೆದರಿಕೆಯಾಯಿತು. "ನಾಲ್ಕು ವರ್ಷ ಆ ಹೂವೆಲ್ಲ ಯಾರಿಗೆ ಹಾಕ್ದೆ ಅಪ್ಪ ನಾನು?"

ಎವಾಲ್ಡ್ ಮಂಡಿಗೆ ಅಂಟಿದ್ದ ಮರಳನ್ನು ಅಂಗೈಗೆ ಬಿಡಿಸಿಕೊಳ್ಳತೊಡಗಿದ.

"ಬರೀ ನೀರಿಗೆ! ಬರೀ ನೀರಿನ ಮುಂದೆ ನಿಂತು ಅತ್ತೆ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ? ಬೂದಿ ಮನೇಲಿಡಬಾರ್ದು, ಕಾನೂನು ಅಂತ ಕಿತ್ಕೊಂಡು ಹೋಗಿ ಸ್ಮಶಾನದವರ ಕೈಗೆ ಕೊಡ್ತಿದ್ದೆ. ನಿಯಮ ಅಂದ್ರೆ ಪ್ರಾಣ ನಿನಗೆ."

ಸುಳ್ಳಲ್ಲ. ಉಲ್ರಿಕೆ ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುವವಳು. ಅವಳು ಅಪ್ಪನನ್ನೇ ನೋಡುತ್ತ ನಿಂತಳು, ಹೊಡೆದುಬಿಡುತ್ತಾಳೇನೋ ಅನ್ನಿಸಿತು. ಅಷ್ಟರಲ್ಲಿ ಮೆರ್ಲೆ ಪೊರಕೆ ತಂದು ಅವಳ ಕೈಗಿಟ್ಟಳು.

"ಆಮೇಲೆ ಜಗಳ ಆಡಿ ಅಮ್ಮ. ಈಗ ಜನ ಓಡಾಡೋ ಹೊತ್ತು."

ಉಲ್ರಿಕೆ ಹೊರಗೆ ಓಡಿದಳು. ಕೈಪೊರಕೆ, ಮೊರ, ಬಕೆಟ್. ನಾನೂ ನನ್ನ ಮನೆಯಿಂದ ಒಲೆಯ ಬೂದಿ ತೆಗೆಯುವ ಸಲಿಕೆ ತಂದೆ. ಮೂವರೂ ಬಗ್ಗಿ ಗುಡಿಸಿದೆವು, ಕೆರೆದೆವು. ಬನ್ನುಗಳಿಗೆ ಅಂಟಿದ್ದನ್ನೂ ಒರೆಸಿ ಹಾಕಿದೆವು. ನಾನು ಬೂಟು ಕಳಚಿ ಅದರ ಅಟ್ಟೆಯನ್ನು ಬಕೆಟ್ಟಿನ ಮೇಲೆ ತಟ್ಟಿದೆ. ಹಾಗೆ ತಟ್ಟುವಾಗ ಎದೆಯೊಳಗೆ ಏನಾಯಿತೆಂದು ಹೇಳಲು ನನಗೆ ಈಗಲೂ ಬರುವುದಿಲ್ಲ.

ಎದುರುಮನೆಯ ಕಿಟಕಿ ತೆರೆಯಿತು. "ಏನಮ್ಮಾ, ಮಂಜು ಇನ್ನೂ ಕರಗಿಲ್ಲ, ಮರಳು ಗುಡಿಸ್ತಿದ್ದೀರಾ? ಯಾರಾದ್ರೂ ಬಿದ್ರೆ?"

"ಬೀಳೋರು ಬೀಳ್ಲಿ!" ಎಂದು ಅರಚಿದಳು ಉಲ್ರಿಕೆ.

ಉಲ್ರಿಕೆಯ ಬಾಯಲ್ಲಿ ಆ ಮಾತು! ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

ಮಧ್ಯಾಹ್ನ ನೊರ್ಬರ್ಟ್ ಬಂದ. ಮೆರ್ಲೆ ಅವನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾನು ಮೂಗು ಮುಚ್ಕೊಂಡು ಹೊತ್ತೆ ಅವರನ್ನ," ಎಂದ. "ಗಬ್ಬು ನಾತ ಅಂದೆ. ಅತ್ತೆ ಎಷ್ಟು ನೀಟಾಗಿರ್ತಿದ್ರು."

ಸಂಜೆ ಬಕೆಟ್ಟನ್ನು ಎವಾಲ್ಡನ ಮುಂದಿಟ್ಟರು. ಅವನು ಕೈಯಾಡಿಸಿದ. ಸಿಗರೇಟು ತುಂಡು, ಟೈರಿನ ಕರಿ, ಜಲ್ಲಿ ಚೂರು. ನಾಲಿಗೆಗೆ ಚೂರು ಹಚ್ಚಿ ನೋಡಿದ. ಉಪ್ಪು. ಬೀದಿಯಲ್ಲಿ ಯಾರೋ ಕದ್ದು ಉಪ್ಪು ಹಾಕಿದ್ದರು, ಯಾವಾಗಲೂ ಯಾರೋ ಹಾಕುತ್ತಾರೆ.

"ಇದನ್ನ ಹಾಗೇ ಹಾಕಿದ್ರೆ ಕುಂಪೆಲ್ ಸಾಯುತ್ತೆ," ಎಂದ. "ಉಪ್ಪು ತಡೆಯಲ್ಲ ಅದು. ತೊಳೆದು ಹಾಕಿದ್ರೆ ಅವಳು ನೀರಿನ ಜೊತೆ ಹೋಗ್ತಾಳೆ."

"ಏನಾದ್ರೂ ಮಾಡೋಣ ಅಜ್ಜ," ಎಂದಳು ಮೆರ್ಲೆ.

"ಮಾಡೋದೇನಿಲ್ಲ, ಮಗು. ಮುಗೀತು."

ಮಾರನೆಯ ದಿನದಿಂದ ಎವಾಲ್ಡ್ ಹಾಸಿಗೆ ಬಿಟ್ಟು ಏಳಲಿಲ್ಲ. ಉಲ್ರಿಕೆ ಹೊತ್ತು ಹೊತ್ತಿಗೆ ಸೂಪು, ಬ್ರೆಡ್ ತಂದಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಟ್ಟೆ ತಂದಂತೆಯೇ ತುಂಬಿ ವಾಪಸ್ಸು ಹೋಗುತ್ತಿತ್ತು. ಇಷ್ಟು ವರ್ಷ ಗೋಡೆಯಾಚೆಯ ಜಗಳಕ್ಕೆ ಶಾಪ ಹಾಕಿದ ನಾನು, ಆ ವಾರಗಳಲ್ಲಿ ಗೋಡೆಗೆ ಕಿವಿಗೊಟ್ಟು ಒಂದು ಜೋರು ಮಾತಿಗಾಗಿ ಕಾದಿದ್ದೇನೆ. ಉಲ್ರಿಕೆ ನನ್ನಲ್ಲಿಗೆ ಬಂದು ಅಳುತ್ತಿದ್ದಳು. "ಅವನು ಸತ್ತುಹೋಗ್ತಾನೆ ಫ್ರಾವ್ ಡ್ರೂಕೆ. ನನಗೆ ಕ್ಷಮಿಸೋಕೂ ಆಗ್ತಿಲ್ಲ, ಅವನು ಹೋಗೋದನ್ನ ನೋಡೋಕೂ ಆಗ್ತಿಲ್ಲ."

ಒಂದು ಶನಿವಾರ ನೊರ್ಬರ್ಟ್ ಯಾರಿಗೂ ಹೇಳದೆ ಕೆಲಸಕ್ಕೆ ಕೈಹಾಕಿದ. ಮಕ್ಕಳ ಆಟದ ಮರಳಿನ ಮೂಟೆಗಳನ್ನು ತಂದ, ಪ್ರತಿ ಮೂಟೆಯನ್ನೂ ಬಿಚ್ಚಿ ಮಣಿಕಟ್ಟಿಗೆ ಉಜ್ಜಿ ನೋಡಿದ. ಸ್ನಾನದ ತೊಟ್ಟಿಯಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ತೊಳೆದ. ನೀಲಿ ಬಿಳಿ ಕಲ್ಲನ್ನು ಸೋಸಿ ಸೋಸಿ ತೆಗೆದ. ಬೆನ್ನು ನೆಟ್ಟಗಾಗದಷ್ಟು ದುಡಿದ. ಕೊನೆಗೆ ಹೊಸ ಮರಳು ತಳದಲ್ಲಿ ಸಮನಾಗಿ ಕೂತಿತು. ಮೂಲೆಯಲ್ಲಿದ್ದ ಬಾತಿನ ಪಾತ್ರೆಯನ್ನು ಜೋಪಾನವಾಗಿ ಮೇಲೆತ್ತಿದ. ಹೆಂಡತಿಗೆ ತೊಳೆದು ಕೊಡೋಣ, ಒಂದಿಷ್ಟಾದರೂ ಖುಷಿಯಾಗಲಿ ಎಂದುಕೊಂಡ.

ಉಲ್ರಿಕೆ ಸಿಂಕಿನ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು. ನಾನು ಮೊಟ್ಟೆ ಕೇಳಲು ಹೋಗಿ ಬಾಗಿಲಲ್ಲಿ ನಿಂತಿದ್ದೆ. ನೊರ್ಬರ್ಟ್ ನೀರು ತೊಟ್ಟಿಕ್ಕುವ ಪಾತ್ರೆಯನ್ನು ತಂದು ಸಿಂಕಿನಲ್ಲಿಟ್ಟ. "ಇಗೋ, ನಿನ್ನ ಪಾತ್ರೆ," ಎಂದು ನಲ್ಲಿಗೆ ಕೈ ಹಾಕಿದ.

"ತೊಳೀಬೇಡ!"

ಉಲ್ರಿಕೆ ಚಾಕು ಬಿಸಾಡಿ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನೊರ್ಬರ್ಟ್ ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದ, ಪಾತ್ರೆಯನ್ನು ನೋಡಿದ. ಪಾತ್ರೆಯಲ್ಲಿ ಹಳೆಯ ಮರಳು. ಮೆರ್ಲೆ ಕ್ರಿಸ್‌ಮಸ್‌ಗೆ ಮೊದಲು ಬಕೆಟ್ಟಿನಿಂದ ತುಂಬಿಸಿದ್ದು, ಬೀದಿಯನ್ನು ಕಾಣದ್ದು. ನಾವೆಲ್ಲ ದಿನವೂ ಅದರ ಮುಂದೆ ಓಡಾಡಿದ್ದೆವು. ಒಬ್ಬರಿಗೂ ಹೊಳೆದಿರಲಿಲ್ಲ.

"ಅಯ್ಯೋ ದೇವರೇ," ಎಂದ ನೊರ್ಬರ್ಟ್. "ಈಗ ಚೆಲ್ಲಿಬಿಡ್ತಿದ್ದೆ."

ಒಳಕೋಣೆಯ ಬಾಗಿಲು ತೆರೆಯಿತು. ಎವಾಲ್ಡ್ ಊರುಗೋಲಿಲ್ಲದೆ, ಗೋಡೆ ಹಿಡಿದುಕೊಂಡು, ನಿಲುವಂಗಿಯಲ್ಲಿ ನಿಂತಿದ್ದ. "ಏನು ತೊಳೀಬಾರ್ದು?" ಎಂದ. ಆಮೇಲೆ ಸಿಂಕಿನಲ್ಲಿದ್ದುದನ್ನು ಕಂಡ.

ಉಲ್ರಿಕೆ ಪಾತ್ರೆಯನ್ನು ಎದೆಗವಚಿಕೊಂಡಳು. ಅಂಗಿಯೆಲ್ಲ ಒದ್ದೆಯಾಯಿತು. ಅಪ್ಪನೆದುರು ಹೋಗಿ ನಿಂತಳು.

"ಎಲ್ಲಿ ಹಾಕ್ಲಿ?" ಎಂದಳು. ಎಷ್ಟೋ ದಿನದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

ಅವನು ಗೋಡೆಯಿಂದ ಕೈ ತೆಗೆದ. "ನಿನ್ನ ಕೈಗೆ ಬಂದಿದ್ದಾಳೆ. ಸ್ಮಶಾನಕ್ಕೆ ಬೇಕಾದ್ರೆ ಕೊಡು. ನಾನು ಏನೂ ಅನ್ನಲ್ಲ."

"ತೊಟ್ಟೀಲಿ ಎಲ್ಲಿ ಹಾಕ್ಲಿ ಅಂತ ಕೇಳ್ದೆ."

"ಮಧ್ಯಕ್ಕೆ," ಎಂದ ಮುದುಕ ಅಳುತ್ತ. "ಮಧ್ಯಕ್ಕೆ ಹಾಕು. ಕುಂಪೆಲ್ ಹರಡ್ಕೊಳ್ಳುತ್ತೆ."

ಅವಳು ತೋಳು ಮಡಚದೆ, ಅಂಗಿ ಸಮೇತ ಕೈಯನ್ನು ಆ ಬೆಚ್ಚನೆ ನೀರಿಗೆ ಇಳಿಸಿ, ಅಮ್ಮನ ಪಾತ್ರೆಯನ್ನು ಮೆಲ್ಲಗೆ ಬಾಗಿಸಿದಳು. ಸ್ವಲ್ಪ ಹೊತ್ತು ನೀರು ಮಬ್ಬಾಯಿತು. ಆ ಮಬ್ಬಿನೊಳಗಿಂದ ಕುಂಪೆಲ್ ಬಂತು, ಅವಳ ಬೆರಳಿಗೆ ಮೀಸೆ ತಾಗಿಸಿತು, ಬಾಯ್ತುಂಬ ತೆಗೆದುಕೊಂಡಿತು. ಕಿವಿರಿನಿಂದ ಸಣ್ಣಗೆ ಮರಳು ಸುರಿಯತೊಡಗಿತು. ಉಲ್ರಿಕೆ ಕೈ ಹೊರಗೆ ತೆಗೆಯಲಿಲ್ಲ.

ಬೀದಿಯಲ್ಲಿ ಗುಡಿಸಿದ ಬಕೆಟ್ಟು ಈಗ ನೆಲಮಾಳಿಗೆಯ ಮೇಲ್ಗಡೆ ಹಲಗೆಯಲ್ಲಿದೆ, ಗಟ್ಟಿಯಾಗಿ ಮುಚ್ಚಳ ಹಾಕಿ. ಮೇ ತಿಂಗಳಲ್ಲಿ ಎಲ್ಲರೂ ಅದನ್ನು ಸಮುದ್ರಕ್ಕೆ ಒಯ್ಯುತ್ತಾರೆ. ಎವಾಲ್ಡನೂ ಹೋಗುತ್ತಾನಂತೆ. ತಾನು ಹೇಳಿದ ಸುಳ್ಳನ್ನು ಅಷ್ಟಾದರೂ ನಿಜ ಮಾಡಬೇಕೆಂದು ಅವನೇ ಹೇಳಿದ. ನನಗೂ ಕಾರಿನಲ್ಲಿ ಜಾಗವಿದೆ.

ಮೊನ್ನೆ ಭಾನುವಾರ ಪ್ಲಮ್ ಕೇಕ್ ಕೊಡಲು ಹೋಗಿದ್ದೆ. ಎವಾಲ್ಡ್ ಅಡುಗೆಮನೆಯಲ್ಲಿ ಪೇಪರ್ ಓದುತ್ತಿದ್ದ, ಮುಂದೆ ಖಾಲಿಯಾದ ಸೂಪಿನ ತಟ್ಟೆ. ಹಿಂದಿನ ಕೋಣೆಯಲ್ಲಿ ಉಲ್ರಿಕೆ ತೊಟ್ಟಿಯ ಮುಂದೆ ಸ್ಟೂಲು ಹಾಕಿ, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು, ಆಲೂಗಡ್ಡೆ ಸುಲಿಯುತ್ತ ಮಾತಾಡುತ್ತಿದ್ದಳು.

"ನಾಲ್ಕು ವರ್ಷ ಮುಖ ನೋಡ್ಕೊಂಡು ಸುಳ್ಳು ಹೇಳಿದ್ದಾನೆ ಅಮ್ಮ. ನಿನ್ನ ಗಂಡ ಎಂಥಾ ಕಳ್ಳ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ? ನೆಲಕ್ಕೆ ಕೊಡಲ್ಲ, ನೀರಿಗೆ ಕೊಡಲ್ಲ, ಮಗಳಿಗೂ ಕೊಡಲ್ಲ..."

"ನನಗೆ ಕೇಳಿಸ್ತಿದೆ!" ಎಂದ ಎವಾಲ್ಡ್ ಅಡುಗೆಮನೆಯಿಂದ.

"ನೀನು ಸುಮ್ನಿರಪ್ಪ," ಎಂದಳು ಉಲ್ರಿಕೆ, ತಿರುಗಿ ನೋಡದೆ. "ನಾನು ಅಮ್ಮನ ಜೊತೆ ಮಾತಾಡ್ತಿದ್ದೀನಿ."